ಹುಗ್ಗಿಗೆ ಹಚ್ಚಿದ ರೇಟು

ಸೊಲ್ಲಾಪುರದಿಂದ ಅಕ್ಕಲಕೋಟೆಯ ರಸ್ತೆ ಹಿಡಿದು, ಕುಂಭಾರಿ ದಾಟಿ ಇನ್ನೂ ಮುಂದೆ ಹೋದರೆ ಎಡಕ್ಕೆ ಒಳಗೊಂದು ಊರು. ಆ ಊರಿನ ಗುರುಲಿಂಗಮ್ಮನ ದನಿ ಬಲು ದೊಡ್ಡದು. ಆಕೆ ಅಂಗಳದಲ್ಲಿ ನಿಂತು ಸೊಸೆಯನ್ನು ಕರೆದರೆ ಆಚೆ ಓಣಿಯ ಸೊಸೆಯಂದಿರೂ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಾರೆ ಎಂದು ಊರವರು ಆಡಿಕೊಳ್ಳುತ್ತಾರೆ. ಅಂಥವಳ ಬಾಯಿಯೂ ಕಟ್ಟಿಹೋದ ವರ್ಷವೊಂದು ಬಂತು. ಅದನ್ನು ಹೇಳುವ ಮುಂಚೆ ಆಕೆಯ ಮನೆಯ ಅಮಾವಾಸ್ಯೆಯ ವಿಷಯ ಹೇಳಬೇಕು. ಇಲ್ಲದಿದ್ದರೆ ಉಳಿದದ್ದಕ್ಕೆ ಅರ್ಥವೇ ಇಲ್ಲ.

ಗುರುಲಿಂಗಮ್ಮನ ತವರು ಮಂಗಳವೇಢೆ ತಾಲೂಕಿನ ಮರವಡೆ. ಅಲ್ಲಿ ಹೊಸ್ತಿಲ ಹೊರಗೆ ಮರಾಠಿ, ಒಳಗೆ ಕನ್ನಡ. ಓದಿದ್ದು ಮರಾಠಿ ಶಾಲೆಯಲ್ಲಿ ನಾಲ್ಕನೆಯವರೆಗೆ. ಸಿದ್ದರಾಮಪ್ಪನ ಕೈ ಹಿಡಿದು ಈ ಮನೆಗೆ ಬಂದಾಗ ಇನ್ನೂ ಹುಡುಗಿ. ಉಣ್ಣಲು ಉಡಲು ಕೊರತೆಯಿಲ್ಲದ ಮನೆ, ಬಾವಿಯ ಕೆಳಗೆ ಕಬ್ಬು, ಮೇಲಿನ ಎರೆ ಹೊಲದಲ್ಲಿ ಜೋಳ, ತೊಗರಿ. ಸಿದ್ದರಾಮಪ್ಪ ಮಾತು ಕಡಿಮೆಯ ಮನುಷ್ಯ. ಇಬ್ಬರ ಪಾಲಿನ ಮಾತನ್ನೂ ಹೆಂಡತಿಯೇ ಆಡಿ ಮುಗಿಸುತ್ತಿದ್ದುದರಿಂದ ಆತನಿಗೆ ಅದರಿಂದ ತೊಂದರೆಯೇನೂ ಆಗಲಿಲ್ಲ.

ಆ ಮನೆಯಲ್ಲಿ ಅತ್ತೆ ಗಂಗುಬಾಯಿ ಪ್ರತಿ ಅಮಾವಾಸ್ಯೆಗೂ ದಾಸೋಹ ನಡೆಸುತ್ತಿದ್ದಳು. ಗೋಧಿ ಹುಗ್ಗಿ, ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಅನ್ನ, ಸಾರು. ಬಂದವರು ಕುಳಿತರು, ಉಂಡರು, ಕೈ ತೊಳೆದು ಹೋದರು. ಅದಕ್ಕೆ ಅತ್ತೆ ಹಾಕಿಟ್ಟ ಕಟ್ಟಳೆ ಮಾತ್ರ ಬಿಗಿ. ಉಣ್ಣುವವರ ಹೆಸರು ಕೇಳಬಾರದು, ಊರು ಕೇಳಬಾರದು, ಎಲೆ ಎಣಿಸಬಾರದು. ಎಲ್ಲಕ್ಕಿಂತ ವಿಚಿತ್ರವಾದದ್ದು ಇನ್ನೊಂದಿತ್ತು. ಅಡುಗೆ ಮಾಡುವವಳು ಕಡೆಯ ಪಂಗತಿ ಏಳುವತನಕ ಹೊರಗೆ ಬಂದು ಯಾರು ಉಣ್ಣುತ್ತಿದ್ದಾರೆಂದು ನೋಡಬಾರದು.

"ನೋಡಿದ್ರ ಕೈ ಸುಳ್ಳಾಗತೈತಿ," ಎಂದು ಗಂಗುಬಾಯಿ ಹೊಸ ಸೊಸೆಗೆ ಹೇಳಿಕೊಟ್ಟಿದ್ದಳು. "ನಮ್ಮ ಬೀಗರು ಕುಂತಾರ ಅಂತ ಗೊತ್ತಾದ್ರ ತುಪ್ಪ ಒಂದ ಸವಟ ಹೆಚ್ಚ ಬೀಳತೈತಿ, ಬ್ಯಾರೇದವ್ರಿಗಿ ಕಡಿಮಿ ಆಗತೈತಿ. ನೀ ಬೇಯಸು, ಕೊಡು. ನೋಡಬ್ಯಾಡ."

ಯಾರ ಮನೆಗೆ ಯಾವ ನೆಂಟರು ಬಂದರೆಂದು ತಿಳಿಯದಿದ್ದರೆ ಉಂಡ ಅನ್ನ ಮೈಗೆ ಹತ್ತದ ಹೆಂಗಸು ಗುರುಲಿಂಗಮ್ಮ. ಅಂಥವಳಿಗೆ ಇದು ದೊಡ್ಡ ಶಿಕ್ಷೆಯೇ. ಆದರೂ ಪಾಲಿಸಿದಳು. ಅತ್ತೆ ತೀರಿಹೋದ ಮೇಲೆ ಕೇಳುವವರೇ ಇರಲಿಲ್ಲ, ಆಗಲೂ ಪಾಲಿಸಿದಳು. ಅಮಾವಾಸ್ಯೆಯ ದಿನ ಒಲೆಯ ಮುಂದೆ ಕುಳಿತರೆ ಎದ್ದದ್ದು ಕಡೆಯ ಎಲೆ ಎತ್ತಿದ ಮೇಲೆಯೇ. ಸುತ್ತಲಿನ ಹಳ್ಳಿಗಳಲ್ಲಿ ಆ ಮನೆಗೆ ಇದ್ದ ಹೆಸರು ಕಬ್ಬಿನಿಂದ ಬಂದದ್ದಲ್ಲ, ಈ ದಾಸೋಹದಿಂದ ಬಂದದ್ದು. ಆಕೆಗೆ ಅದು ಚೆನ್ನಾಗಿ ಗೊತ್ತಿತ್ತು, ಅದರ ಬಗ್ಗೆ ತುಸು ಜಂಬವೂ ಇತ್ತು.

ಆ ಹೆಸರಿನ ಮೇಲೆ ಮೊದಲು ಕಣ್ಣು ಹಾಕಿದವನು ಮೈದುನ ಗುರುಶಾಂತ. ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳ ಗುತ್ತಿಗೆದಾರ, ಸುತ್ತಲಿನ ನಾಲ್ಕಾರು ಊರಿನ ಮುಂದಾಳುಗಳನ್ನು ಕೂಡಿಸಿ ಒಂದು ಆಘಾಡಿ, ಎಂದರೆ ರಾಜಕೀಯ ಕೂಟ, ಕಟ್ಟಿದ್ದ. ತಾಲೂಕಿನ ಪಂಚಾಯತಿ ಸಮಿತಿಯ ಚುನಾವಣೆಗೆ ತಾನೇ ನಿಲ್ಲಬೇಕೆಂದು ಎಷ್ಟೋ ದಿನದಿಂದ ಕಂಡವರ ಮದುವೆ, ಕಂಡವರ ಮಣ್ಣಿಗೆಲ್ಲ ಹೋಗಿ ಬರುತ್ತಿದ್ದ. ಮೀಸಲಾತಿಯ ಚೀಟಿ ಎತ್ತಿದಾಗ ಆ ಕ್ಷೇತ್ರ ಹೆಂಗಸರ ಪಾಲಾಯಿತು. ಅವನ ಹೆಂಡತಿ ಮಕ್ಕಳ ಶಾಲೆಯೆಂದು ಸೊಲ್ಲಾಪುರದಲ್ಲಿ ಮನೆ ಮಾಡಿಕೊಂಡಿದ್ದಳು, ಊರಲ್ಲಿ ಅವಳ ಮುಖದ ಗುರುತು ಯಾರಿಗೂ ಇರಲಿಲ್ಲ. ಗುರುಶಾಂತ ಎರಡು ದಿನ ಊಟ ಬಿಟ್ಟವರಂತೆ ಓಡಾಡಿ, ಮೂರನೆಯ ದಿನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ವೈನೀ, ನೀವ ನಿಂದರ್ರಿ," ಎಂದ ಅತ್ತಿಗೆಗೆ.

"ನಾ ಏನ ನಿಂದರ್ಲೋ? ನನಗ ಒಲಿ ಮುಂದ ಕುಂದ್ರಾಕ ಬರತೈತಿ, ಅಷ್ಟ."

"ನಿಮ್ಮ ಹೆಸರ ಸಾಕ್ರಿ. ಉಳದದ್ದ ಎಲ್ಲಾ ನಾ ಮಾಡ್ತೀನಿ."

ನಿಂತಳು. ನಿಂತ ಮೇಲೆ ಆಕೆಯ ಸ್ವಭಾವದವರು ಸುಮ್ಮನೆ ಕೂಡುತ್ತಾರೆಯೇ? ಓಣಿ ಓಣಿ ತಿರುಗಿ, ಆ ದೊಡ್ಡ ದನಿಯಲ್ಲಿ ಧ್ವನಿವರ್ಧಕದ ಖರ್ಚನ್ನೇ ಉಳಿಸಿದಳು ಎಂದು ಜನ ನಕ್ಕರು. ಚುನಾವಣೆಗೆ ನಿಂತವರು ದಿನದ ಖರ್ಚು ದಿನಾ ತೋರಿಸಬೇಕು, ಫಲಿತಾಂಶವಾದ ತಿಂಗಳೊಳಗೆ ಪೂರ್ತಿ ಲೆಕ್ಕ ಒಪ್ಪಿಸಬೇಕು, ಸರಕಾರ ಹಾಕಿದ ಮಿತಿ ದಾಟಬಾರದು. ಚಹಾಕ್ಕೆ ಇಷ್ಟು, ವಡಾಪಾವಿಗೆ ಇಷ್ಟು, ಜೀಪಿಗೆ ದಿನಕ್ಕೆ ಇಷ್ಟು ಎಂದು ದರದ ಪಟ್ಟಿ ಮೊದಲೇ ಅಂಟಿಸಿರುತ್ತಾರೆ. ಯಾರಾದರೂ ಅಭಿಮಾನದಿಂದ ಪುಕ್ಕಟೆ ಕೊಟ್ಟರೂ ಅದಕ್ಕೆ ಆ ದರ ಹಚ್ಚಿ ಬರೆಯಬೇಕು. ಗುರುಶಾಂತ ಇದನ್ನು ದೊಡ್ಡ ಕಾಟವೆಂಬಂತೆ ವಿವರಿಸಿದ. ಗುರುಲಿಂಗಮ್ಮನಿಗೆ ಮಾತ್ರ ಇದು ನ್ಯಾಯವೆನ್ನಿಸಿತು. ಜನರ ಓಟು ಕೇಳುವವರು ಎಲ್ಲಿಂದ ತಂದು ಎಲ್ಲಿ ಸುರಿದರೆಂದು ಜನರಿಗೆ ಗೊತ್ತಾಗಬೇಡವೇ?

ಲೆಕ್ಕ ಬರೆಯುವ ಕೆಲಸ ಸೊಸೆ ಪ್ರಾಜಕ್ತಾಳದು. ಸೊಲ್ಲಾಪುರದ ಕಾಲೇಜಿನಲ್ಲಿ ವಾಣಿಜ್ಯ ಓದಿದ ಹುಡುಗಿ, ಮಗ ಶುಭಂನ ಹೆಂಡತಿ. ಮಾತಿನಲ್ಲಿ ಕನ್ನಡ, ಬರೆಯುವುದು ಮರಾಠಿಯಲ್ಲಿ.

"ಖರೇ ಬರಿ," ಎಂದು ಅತ್ತೆ ದಿನಾ ಸಂಜೆ ಅವಳ ಬೆನ್ನು ಹತ್ತುತ್ತಿದ್ದಳು. "ಹನಮಂತ ದೇವರ ಕಟ್ಟಿ ಮ್ಯಾಲ ಚಹಾ ಕುಡಿದೇವಲ್ಲ, ಅದೂ ಬರಿ. ಚಹಾದಾಂವ ರೊಕ್ಕ ತಗೊಂಡಿಲ್ಲ, ಆದ್ರೂ ಬರಿ."

ಫಾರಮಿನಲ್ಲಿ ಊಟದ ಖರ್ಚಿನ ಕಾಲಂ ಬಂದಾಗ ಪ್ರಾಜಕ್ತಾ ಪೆನ್ನು ನಿಲ್ಲಿಸಿದಳು. ಪ್ರಚಾರದ ದಿನಗಳ ನಡುವೆ ಒಂದು ಅಮಾವಾಸ್ಯೆ ಬಂದು ಹೋಗಿತ್ತು. ಆ ಸಲ ಹುಗ್ಗಿಯ ಹಂಡೆ ಮತ್ತೆ ಮತ್ತೆ ಒಲೆ ಏರಿತ್ತು.

"ಅತ್ತೀ, ಅಮಾಸಿ ಊಟ?"

ಗುರುಲಿಂಗಮ್ಮ ಕೆಂಡವಾದಳು. "ಏನಂದಿ? ದಾಸೋಹಕ್ಕ ರೇಟ ಹಚ್ತೀಯೇನ? ನಮ್ಮ ಅತ್ತಿ ಮ್ಯಾಲಿಂದ ಇಳದ ಬಂದ ನಿನ್ನ ಕಪಾಳಕ ಕೊಡತಾಳ. ಅದ ಖರ್ಚ ಅಲ್ಲ. ಎಂದೂ ಖರ್ಚ ಅಲ್ಲ."

ಪ್ರಾಜಕ್ತಾ ನಾಲಿಗೆ ಕಚ್ಚಿಕೊಂಡು ಆ ಕಾಲಂನಲ್ಲಿ ಮರಾಠಿಯ ರೂಢಿಯಂತೆ 'ನಿರಂಕ' ಎಂದು ಬರೆದಳು, ಏನೂ ಇಲ್ಲ ಎಂದು. ಕೆಳಗೆ ಅತ್ತೆ ಸಹಿ ಹಾಕಿದಳು. ಅದರಲ್ಲಿ ಕಪಟವೇನೂ ಇರಲಿಲ್ಲ. ದೇವರ ಮುಂದೆ ಹಚ್ಚಿದ ದೀಪದ ಎಣ್ಣೆಯನ್ನು ಯಾರೂ ಕಿರಾಣಿ ಲೆಕ್ಕದಲ್ಲಿ ಸೇರಿಸುವುದಿಲ್ಲವಲ್ಲ, ಹಾಗೆ.

ಗೆದ್ದಳು. ಗುಲಾಲು ಹಾರಿತು. ಗುರುಶಾಂತ ಆಘಾಡಿಯವರ ಹೆಗಲ ಮೇಲೆ ಕುಳಿತು ಊರು ಸುತ್ತಿದ, ಗೆದ್ದವಳು ಮನೆಯಲ್ಲಿ ಚಹಾ ಕಾಸುತ್ತಿದ್ದಳು. ಆದರೆ ಅಕ್ಕಲಕೋಟೆಯ ಮೊದಲ ಸಭೆಗೆ ಹೋಗಿ ಬಂದ ಮೇಲೆ ಆಕೆಗೆ ಅದರ ರುಚಿ ಹತ್ತಿತು. ಮೈದುನನನ್ನು ಕೇಳದೆಯೇ ಎದ್ದು ನಿಂತು, ನಾಲ್ಕು ಊರಿನ ಹೆಣ್ಣುಮಕ್ಕಳ ಶಾಲೆಗೆ ಶೌಚಾಲಯದ ಬಾಗಿಲು ಇಲ್ಲವೆಂದು ಆ ದನಿಯಲ್ಲಿ ಕೇಳಿದಾಗ ಎದುರಿನವರು ಮುಖ ಮುಖ ನೋಡಿಕೊಂಡರು. ಬಾಗಿಲು ಬಂದವು. ಬೆಳಿಗ್ಗೆ ಮನೆಯ ಮುಂದೆ ಹೆಂಗಸರು ಕುಳಿತಿರತೊಡಗಿದರು. ಗುರುಶಾಂತನಿಗೆ ಇದು ಅಷ್ಟೇನೂ ಸೇರಲಿಲ್ಲ.

ನೋಟಿಸು ಬಂದದ್ದು ಆಗ. ಸೋತವರ ಕಡೆಯವರು ದೂರು ಕೊಟ್ಟಿದ್ದರು: ಪ್ರಚಾರದ ಕಾಲದಲ್ಲಿ ಮತದಾರರಿಗೆ ದೊಡ್ಡ ಪ್ರಮಾಣದಲ್ಲಿ ಊಟ ಹಾಕಿ, ಲೆಕ್ಕದಲ್ಲಿ ನಿರಂಕ ತೋರಿಸಿದ್ದಾರೆ. ಅದಕ್ಕೆ ಪ್ರತಿ ಥಾಲಿಗೆ ಪಟ್ಟಿಯ ದರ ಹಚ್ಚಬೇಕು. ಪ್ರಾಜಕ್ತಾ ಅದನ್ನು ಓದಿ ಗುರುಲಿಂಗಮ್ಮನಿಗೆ ಕನ್ನಡದಲ್ಲಿ ಹೇಳಿದಳು. ಸದಸ್ಯತ್ವ ಹೋಗಬಹುದೆಂಬ ಸಾಲು ಕಿವಿಗೆ ಬಿದ್ದರೂ ಅದು ಆಕೆಯ ತಲೆಯೊಳಗೆ ಇಳಿಯಲೇ ಇಲ್ಲ.

"ನಮ್ಮ ಹುಗ್ಗಿಗಿ ರೇಟ?" ಎಂದಳು. "ನಮ್ಮ ಅತ್ತಿ ಹುಗ್ಗಿಗಿ?"

ಅಷ್ಟೇ. ಸಿದ್ದರಾಮಪ್ಪ ತನ್ನ ಪಾಲಿನ ಮಾತನ್ನು ತಾನೇ ಆಡಬೇಕಾಗಿ ಬಂದು, "ನೀರ ಕುಡಿ," ಎಂದ. ಆಕೆ ಆ ದಿನವೆಲ್ಲ ಮಂಕು ಬಡಿದವರಂತೆ ಕುಳಿತಿದ್ದಳು. ಮರುದಿನ ಎದ್ದವಳೇ ಸೀರೆಯ ನೆರಿಗೆ ಬಿಗಿದು ಊರು ಸುತ್ತಿದಳು. ದಾಸೋಹ ಅತ್ತೆಯ ಕಾಲದಿಂದ ನಡೆದು ಬಂದದ್ದೆಂದು ಹೇಳಲು ಹಿರಿಯರೆಲ್ಲ ಸಿದ್ಧರಾದರು. ಯಾಕಾಗಬಾರದು, ಅದು ನಿಜವೇ ಆಗಿತ್ತು. ಕುರ್ಚಿ ಹೋದರೆ ಹೋಗಲಿ, ದಾಸೋಹಕ್ಕೆ ಪ್ರಚಾರದ ಊಟವೆಂಬ ಹೆಸರು ಹತ್ತಬಾರದು. ಇದೊಂದೇ ಹಟ ಹಿಡಿದು ಆಕೆ ಅಕ್ಕಲಕೋಟೆಯ ತಾಲೂಕು ಕಚೇರಿಗೆ ಹೋದಳು. ಜೊತೆಗೆ ಪ್ರಾಜಕ್ತಾ, ಗುರುಶಾಂತ.

ಖರ್ಚಿನ ಲೆಕ್ಕ ನೋಡುವ ಅಧಿಕಾರಿ ಸೋನಾಲಿ ಎಂಬ ತರುಣಿ. ಮರಾಠಿಯಲ್ಲಿ ಶುರು ಮಾಡಿ, ಎದುರಿನವರ ಮುಖ ನೋಡಿ ಕನ್ನಡಕ್ಕೆ ಇಳಿದಳು.

"ಅಮ್ಮಾ, ನನಗ ಒಂದ ಹೇಳ್ರಿ. ಆ ಊಟ ಯಾತರದು?"

"ದಾಸೋಹದ್ದ್ರಿ. ಇಲ್ಲೇ ಅಕ್ಕಲಕ್ವಾಟಿ ಅನ್ನಛತ್ರಕ್ಕ ಯಾರರೆ ರೇಟ ಹಚ್ಯಾರೇನ್ರಿ? ಮತ್ತ ನಮ್ಮದಕ್ಕ ಯಾಕ?"

ಸೋನಾಲಿ ನಕ್ಕಳು. "ಅನ್ನಛತ್ರ ಇಲೆಕ್ಷನ್ ಇರ್ಲಿ ಬಿಡ್ಲಿ ನಡೀತೈತಿ. ಬಂದವ್ರಿಗೆಲ್ಲ ಹಾಕ್ತಾರ. ನಿಮ್ಮದೂ ಹಂಗ ಇದ್ರ ನಾ ಏನೂ ಬರಿಯೂದಿಲ್ರಿ. ಬರೇ ಒಂದ ಪ್ರತಿಜ್ಞಾಪತ್ರ ಬೇಕು. ಈ ಊಟಕ್ಕೂ ಪ್ರಚಾರಕ್ಕೂ ಸಂಬಂಧ ಇಲ್ಲ ಅಂತ ನೀವ ಆಣಿ ಮಾಡಿ ಸಹಿ ಹಾಕ್ರಿ, ಮುಗೀತು."

"ಕೊಡ್ರಿ, ನೂರ ಸಹಿ ಹಾಕ್ತೀನಿ," ಎಂದು ಗುರುಲಿಂಗಮ್ಮ ಕೈ ಚಾಚಿದಳು. ಗುರುಶಾಂತ ತನ್ನ ಜೇಬಿನ ಪೆನ್ನನ್ನೇ ತೆಗೆದು ಕೊಟ್ಟ.

"ಅದಕ್ಕಿಂತ ಮೊದಲ ವಿಡಿಯೋ ನೋಡ್ರಿ," ಎಂದಳು ಸೋನಾಲಿ. "ನಮ್ಮ ತಪಾಸಣಿ ಪಥಕದವ್ರು ಆ ಅಮಾಸಿ ದಿನ ತಗದದ್ದು. ಸಹಿ ಹಾಕೂ ಮೊದಲ ನಿಮಗ ತೋರಸೂದು ನನ್ನ ಕೆಲಸ."

"ಅದ್ಯಾಕ್ರಿ ಮೇಡಂ," ಎಂದ ಗುರುಶಾಂತ, ತುಸು ಬೇಗನೇ. "ವೈನಿಯವರಿಗಿ ಮನಿಗಿ ಹೋಗೂದೈತಿ."

"ನೋಡ್ತೀನಿ ತಡಿಯೋ," ಎಂದಳು ಗುರುಲಿಂಗಮ್ಮ. ಅವಳಿಗೆ ಹುಮ್ಮಸ್ಸೇ ಬಂದಿತ್ತು. ಇಷ್ಟು ವರ್ಷ ತನ್ನ ಕೈಯಿಂದ ಹೋದ ಹುಗ್ಗಿಯನ್ನು ಉಣ್ಣುವವರ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ. ಈಗ ನೋಡಿದರೆ ತಪ್ಪಿಲ್ಲ, ಕೈಯಲ್ಲಿ ಸವಟಿಲ್ಲ ಎಂದುಕೊಂಡು ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರ ಎಳೆದುಕೊಂಡಳು.

ಪರದೆಯ ಮೇಲೆ ಆಕೆಯ ಮನೆಯ ದೊಡ್ಡ ಬಾಗಿಲು. ಅದರ ಮುಂದೆ ಒಂದು ಮೇಜು. ಮೇಜಿನ ಮುಂದೆ ಆಘಾಡಿಯ ಇಬ್ಬರು ಹುಡುಗರು ಮತದಾರರ ಯಾದಿಯ ಹಾಳೆಗಳನ್ನು ಹರಡಿಕೊಂಡು ಕುಳಿತಿದ್ದರು. ಹೊರಗೆ ಗುರುಶಾಂತನ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಬಂದು ಬೇರೆ ಬೇರೆ ಊರಿನ ಜನರನ್ನು ಇಳಿಸುತ್ತಿದ್ದವು. ಇಳಿದವರು ಸಾಲಾಗಿ ಬಂದು ಹೆಸರು ಹೇಳಬೇಕು. ಯಾದಿಯಲ್ಲಿ ಹೆಸರು ಸಿಕ್ಕರೆ ಅದರ ಮೇಲೊಂದು ಗೀಟು, ಕೈಗೊಂದು ಹಳದಿ ಚೀಟಿ. ಚೀಟಿ ಇದ್ದವರು ಒಳಗೆ ಹೋಗಿ ಪಂಗತಿಯಲ್ಲಿ ಕೂಡಬೇಕು. ಚೀಟಿಯ ಮೇಲೆ ಚಹಾದ ಕಪ್ಪು-ಬಸಿಯ ಚಿತ್ರ. ಗುರುಲಿಂಗಮ್ಮನ ಚುನಾವಣೆಯ ಚಿಹ್ನೆ ಅದೇ.

ಗುರುಲಿಂಗಮ್ಮನಿಗೆ ಮೊದಲು ಅರ್ಥವಾಗಲಿಲ್ಲ. "ಇದ ಯಾರ ಮನಿ?" ಎಂದಳು. ಪ್ರಾಜಕ್ತಾ ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದಳು. ಅವಳಿಗೂ ಗೊತ್ತಿರಲಿಲ್ಲ, ಆ ದಿನ ಅವಳೂ ಅತ್ತೆಯ ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಗುರುಶಾಂತ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದ.

ಆಗ ಸಾಲಿನಲ್ಲಿ ಒಬ್ಬ ಮುದುಕ ಬಂದ. ತಲೆಗೆ ಬಿಳಿ ಪಟಗ, ಹೆಗಲ ಮೇಲೆ ಕರಿ ಕಂಬಳಿ. ಗುರುಲಿಂಗಮ್ಮ ಅವನನ್ನು ನೋಡಿದ ಕೂಡಲೇ ಗುರುತಿಸಿದಳು. ಉಣ್ಣುವವರಲ್ಲಿ ಆಕೆ ಬಲ್ಲ ಮುಖ ಅದೊಂದೇ. ಗಂಗುಬಾಯಿಯ ಕಾಲದಿಂದ ಪ್ರತಿ ಅಮಾವಾಸ್ಯೆಗೂ ಬರುತ್ತಿದ್ದ. ಎಲ್ಲರೂ ಉಂಡು ಹೋದ ಮೇಲೆ ಉಳಿದು, ಬೂದಿ ಹಚ್ಚಿ ಹುಗ್ಗಿಯ ಹಂಡೆಯನ್ನು ಫಳಫಳ ತಿಕ್ಕಿ, ಬೋರಲು ಹಾಕಿ, ಮಾತಿಲ್ಲದೆ ಹೋಗುತ್ತಿದ್ದ. ಬೇಡವೆಂದರೂ ಕೇಳುತ್ತಿರಲಿಲ್ಲ. ಅವನ ಹೆಸರನ್ನು ಆಕೆ ಎಂದೂ ಕೇಳಿರಲಿಲ್ಲ, ಕಟ್ಟಳೆಯಲ್ಲವೇ. ಆ ಅಮಾವಾಸ್ಯೆ ಹಂಡೆ ತಿಕ್ಕಲು ಯಾರೂ ಬಾರದಿದ್ದಾಗ 'ಮುದುಕ ಎಲ್ಲಿ' ಎಂದು ಒಮ್ಮೆ ಕೇಳಿದ್ದಳು. ಬಂದಿಲ್ಲ ಎಂದು ಯಾರೋ ಹೇಳಿದ್ದರು. ಆಮೇಲಿನ ಅಮಾವಾಸ್ಯೆಗಳಿಗೂ ಅವನು ಬಾರದಿದ್ದಾಗ, ವಯಸ್ಸಾಯಿತು, ಪಾಪ, ಎಂದುಕೊಂಡು ಸುಮ್ಮನಾಗಿದ್ದಳು.

"ಹೆಸರ?" ಎಂದ ಪರದೆಯೊಳಗಿನ ಹುಡುಗ.

"ಯಾಕ್ರಿ?"

"ಹೆಸರ ಹೇಳೋ ಮುದಕಾ, ಹಿಂದ ಮಂದಿ ನಿಂತಾರ."

"ಪೀರಪ್ಪ್ರೀ."

"ಯಾವೂರು?"

"ಕಂದಲಗಾಂವದಾಗ ತ್ವಾಟ ಕಾಯ್ತೀನ್ರಿ."

"ಆ ಊರು ನಮ್ಮ ತಾಲೂಕ ಅಲ್ಲ. ಯಾದ್ಯಾಗ ಹೆಸರಿಲ್ಲ. ನಡಿ, ಅಕ್ಕಡಿ ಸರಿ."

"ನಾ ಹಂಡೆ ತಿಕ್ಕಾಂವ್ರಿ," ಎಂದ ಪೀರಪ್ಪ. ಸಾಲಿನಲ್ಲಿದ್ದವರು ಯಾರೋ ನಕ್ಕರು. ಅಷ್ಟರಲ್ಲಿ ಹಿಂದಿನಿಂದ ಗುರುಶಾಂತನ ದನಿಯೇ ಕೇಳಿಸಿತು, ಸ್ಪಷ್ಟವಾಗಿ: "ಓಟ ಇಲ್ದವ್ರನ್ನ ಒಳಗ ಬಿಡಬ್ಯಾಡ್ರೋ, ಹುಗ್ಗಿ ಸಾಲೂದಿಲ್ಲ."

ಪೀರಪ್ಪ ಬೇವಿನ ಗಿಡದ ಕೆಳಗೆ ಹೋಗಿ ನಿಂತ. ಪಂಗತಿ ಎದ್ದಮೇಲೆ ಕರೆದಾರು ಎಂದು ನಿಂತಿದ್ದನೋ ಏನೋ. ಕ್ಯಾಮೆರಾ ಟ್ರ್ಯಾಕ್ಟರುಗಳ ಕಡೆ ಹೋಗಿ, ಎಷ್ಟೋ ಹೊತ್ತಿನ ಮೇಲೆ ತಿರುಗಿ ಬಂದಾಗಲೂ ಅಲ್ಲೇ ನಿಂತಿದ್ದ. ಮತ್ತೊಮ್ಮೆ ತಿರುಗಿ ಬಂದಾಗ ಇರಲಿಲ್ಲ.

ಗುರುಲಿಂಗಮ್ಮನ ಕೈಯಿಂದ ಪೆನ್ನು ಜಾರಿತು. ಒಲೆಯ ಮುಂದೆ ಕಣ್ಣೀರು ಸುರಿಸುತ್ತ ಹೊಗೆಯಲ್ಲಿ ಕುಳಿತು, ಯಾರ ಮುಖವನ್ನೂ ನೋಡದೆ, ಎಲ್ಲರಿಗೂ ಒಂದೇ ಅಳತೆಯಾಗಲಿ ಎಂದು ತಾನು ತುಪ್ಪ ಹಾಕುತ್ತಿದ್ದಾಗ ಹತ್ತು ಹೆಜ್ಜೆ ಆಚೆ ಇದು ನಡೆದಿತ್ತು. ತನ್ನ ಮನೆಯ ಬಾಗಿಲಿನಲ್ಲಿ ಹಸಿದವನೊಬ್ಬನ ಹೆಸರು ಕೇಳಿ, ಊರು ಕೇಳಿ, ಹೊರಗೆ ಹಾಕಿದ್ದರು. ಅದೂ ತನ್ನ ಹೆಸರಿನಲ್ಲಿ. ಯಾರನ್ನೂ ನೋಡಬೇಡವೆಂದ ಅತ್ತೆಯ ಮಾತನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ್ದಕ್ಕೆ ಸಿಕ್ಕ ಫಲ ನೋಡಿ! ಒಮ್ಮೆ, ಒಂದೇ ಒಂದು ಸಲ ಕಟ್ಟಳೆ ಮುರಿದು ಬಾಗಿಲಿಗೆ ಬಂದು ಇಣುಕಿದ್ದರೆ ಆಗುತ್ತಿತ್ತು. ಇಣುಕಲಿಲ್ಲ.

ಗುರುಶಾಂತ ಬಗ್ಗಿ ಪೆನ್ನು ಎತ್ತಿ ಮತ್ತೆ ಆಕೆಯ ಮುಂದಿಟ್ಟ.

"ವೈನೀ," ಎಂದ ಮೆತ್ತಗೆ, "ದಾಸೋಹ ಅಂತೂ ಖರೇ ಇತ್ತಲ್ರಿ. ಅಷ್ಟಕ್ಕ ಸಹಿ ಹಾಕ್ರಿ. ಎಲ್ಲಾರೂ ಹಿಂಗ ಮಾಡ್ತಾರ. ನಾ ನಿಮ್ಮ ಸಲುವಾಗಿ ಮಾಡೀನಿ."

ಆಕೆ ಅವನನ್ನು ಒಮ್ಮೆ ನೋಡಿದಳು. ಸೋನಾಲಿಯ ಕಡೆ ತಿರುಗಿದಳು.

"ಬಾಯೀ, ಇದ ದಾಸೋಹ ಅಲ್ರಿ."

"ಅಮ್ಮಾ, ವಿಚಾರ ಮಾಡಿ ಹೇಳ್ರಿ. ಅಲ್ಲ ಅಂತ ಬರದ ಕೊಟ್ರ ಎಲಿ ಎಣಿಸಿ ಊಟಕ್ಕ ರೇಟ ಹಚ್ಚಬೇಕಾಗತೈತಿ. ಟ್ರ್ಯಾಕ್ಟರದ್ದೂ ಸೇರತೈತಿ. ಮಿತಿ ದಾಟತೈತ್ರಿ. ನಾ ಮ್ಯಾಲ ವರದಿ ಕಳಸಲೇಬೇಕು, ನಿಮ್ಮ ಮೆಂಬರಕಿ ಉಳಿಯೂದಿಲ್ಲ."

"ಎಣಸ್ರಿ," ಎಂದಳು ಗುರುಲಿಂಗಮ್ಮ. "ರೇಟ ಹಚ್ಚರಿ. ಚೀಟಿ ಕೊಟ್ಟ ಹಾಕಿದ ಊಟಕ್ಕ ರೇಟ ಇರಬೇಕು. ಅದನ್ನ ದಾಸೋಹ ಅಂತ ಬರದ್ರ ನಮ್ಮ ಅತ್ತಿ ಮಾಡಿದ್ದೆಲ್ಲಾ ಸುಳ್ಳ ಆಗತೈತ್ರಿ."

ಗುರುಶಾಂತ ಎದ್ದು ಹೊರಗೆ ಹೋದ. ಸೋನಾಲಿ ವಿಡಿಯೋವನ್ನು ಮೊದಲಿನಿಂದ ಹಾಕಿ, ನಿಲ್ಲಿಸಿ ನಿಲ್ಲಿಸಿ, ಪಂಗತಿಗಳನ್ನು ಎಣಿಸಿದಳು. ಅಷ್ಟು ವರ್ಷಗಳಲ್ಲಿ ಆ ಅಂಗಳದ ಎಲೆಗಳನ್ನು ಯಾರಾದರೂ ಎಣಿಸಿದ್ದು ಅದೇ ಮೊದಲು. ಪ್ರಾಜಕ್ತಾ 'ನಿರಂಕ'ವನ್ನು ಹೊಡೆದು ಹಾಕಿ ಅಂಕಿ ಬರೆದಳು. ಗುರುಲಿಂಗಮ್ಮ ಕಣ್ಣು ಮುಚ್ಚಿಕೊಳ್ಳದೆ ಕೊನೆಯವರೆಗೂ ನೋಡಿ ಸಹಿ ಹಾಕಿದಳು.

ಸೊಲ್ಲಾಪುರದ ಕಲೆಕ್ಟರ್ ಕಚೇರಿಯಿಂದ ಆದೇಶ ಬರಲು ಕೆಲವು ತಿಂಗಳು ಹಿಡಿಯಿತು. ಸದಸ್ಯತ್ವ ಹೋಯಿತು. ಊರು ಎರಡು ಪಾಲಾಯಿತು. ಕೈಯಲ್ಲಿದ್ದ ಕುರ್ಚಿಯನ್ನು ಒದ್ದವಳು ಹುಚ್ಚಿ ಎಂದು ಕೆಲವರು ಮೂಗು ಮುರಿದರು. ಬೆಳಿಗ್ಗೆ ಮನೆಯ ಮುಂದೆ ಕೂಡುತ್ತಿದ್ದ ಹೆಂಗಸರು ಅತ್ತರು. ಗುರುಲಿಂಗಮ್ಮನಿಗೂ ಸಂಕಟವಾಯಿತು, ಆಗಲಿಲ್ಲವೆಂದರೆ ಸುಳ್ಳು. ಆ ಕೆಲಸವನ್ನು ಆಕೆ ಪ್ರೀತಿಸತೊಡಗಿದ್ದಳು. ಗುರುಶಾಂತ ಮಾತು ಬಿಟ್ಟು ಸೊಲ್ಲಾಪುರದ ಮನೆ ಸೇರಿದ. ಈ ತಕರಾರು ಮುಗಿಯುವತನಕ ಅಮಾವಾಸ್ಯೆಯ ಒಲೆ ಹೊತ್ತಿಸುವುದಿಲ್ಲವೆಂದು ಆಕೆ ಶಪಥ ಮಾಡಿದ್ದಳು, ಹೊತ್ತಿಸಿರಲಿಲ್ಲ.

ಆದೇಶ ಕೈಗೆ ಬಂದ ವಾರ, ಮುಂದಿನ ಅಮಾವಾಸ್ಯೆಗೆ ಮತ್ತೆ ಶುರು ಮಾಡೋಣವೆಂದಳು. "ಆದ್ರ ಮೊದಲ ಅವನ್ನ ಕರದ ಬರಬೇಕು," ಎಂದಳು. ಅವನೆಂದರೆ ಯಾರೆಂದು ಸಿದ್ದರಾಮಪ್ಪ ಕೇಳಲಿಲ್ಲ. ಮಗ ಶುಭಂ ಗಾಡಿ ತೆಗೆದ.

ಹೆಸರು ಈಗ ಗೊತ್ತಿತ್ತು, ಹುಡುಕುವುದು ಕಷ್ಟವಾಗಲಿಲ್ಲ. ಕಂದಲಗಾಂವದ ಹೊರಗೆ ಒಬ್ಬರ ದಾಳಿಂಬೆ ತೋಟದ ಅಂಚಿಗೆ ತಗಡಿನ ಒಂದು ಕೋಣೆ. ಪೀರಪ್ಪ ಅದರ ನೆರಳಿನಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದ. ಆಕೆಯನ್ನು ನೋಡಿ ಗಾಬರಿಯಿಂದ ಎದ್ದು ಪಟಗ ಸರಿಮಾಡಿಕೊಂಡ, ಕಂಬಳಿ ಹಾಸಿದ. ಆಕೆ ದಾರಿಯುದ್ದಕ್ಕೂ ಹತ್ತು ಮಾತು ಕೂಡಿಸಿಕೊಂಡು ಬಂದಿದ್ದಳು. ತಪ್ಪಾಯಿತು ಎನ್ನಬೇಕು, ನನಗೆ ಗೊತ್ತಿರಲಿಲ್ಲ ಎನ್ನಬೇಕು, ಹೀಗೆ ಹೀಗೆ.

"ಪೀರಪ್ಪಾ," ಎಂದಳು. "ನಾಡದು ಅಮಾಸಿ. ಊಟಕ್ಕ ಬರಬೇಕು ನೀ."

ಪೀರಪ್ಪನ ಮುಖ ಅರಳಿತು. ಅದರಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಆಕೆ ಆ ಸಿಟ್ಟನ್ನು ಎದುರಿಸಲೆಂದೇ ಎದೆ ಗಟ್ಟಿ ಮಾಡಿಕೊಂಡು ಬಂದಿದ್ದಳು.

"ಬರ್ತೀನ್ರೀ ಅವ್ವಾ, ಬರಲಾರದ ಏನು? ನಾನ ಬರಾಂವ ಇದ್ದೆ. ಈಗ ತ್ರಾಸಿಲ್ರಿ, ಎಲ್ಲಾ ಸರಿ ಮಾಡಸೀನಿ."

ಒಳಗೆ ಹೋಗಿ ಟ್ರಂಕಿನ ಮುಚ್ಚಳ ತೆಗೆದ ಸದ್ದಾಯಿತು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಒಂದು ಕಾರ್ಡು ತಂದು, ಧೋತರಕ್ಕೆ ಒರೆಸಿ, ಎರಡೂ ಕೈಯಿಂದ ಆಕೆಗೆ ಕೊಟ್ಟ. ಹೊಚ್ಚ ಹೊಸ ಮತದಾರರ ಗುರುತಿನ ಕಾರ್ಡು. ಅವನ ಫೋಟೋ, ಅವನ ಹೆಸರು. ಊರಿನ ಹೆಸರು ಮಾತ್ರ ಕಂದಲಗಾಂವ ಅಲ್ಲ, ಆಕೆಯ ಊರು.

"ನಿಮ್ಮ ಊರಾಗ ನನ್ನ ತಂಗಿ ಮಗ ಅದಾನಲ್ರಿ, ಅವನ ಮನಿ ನಂಬರ ಕೊಟ್ಟ ಬದ್ಲಿ ಮಾಡಸ್ಕೊಂಡೀನ್ರಿ. ಕಚೇರಿಗಿ ಭಾಳ ಅಡ್ಡಾಡಸಿದ್ರು, ಆದ್ರೂ ಆತು. ಈಗ ನಂದೂ ಓಟ ನಿಮ್ಮ ಊರಾಗ ಐತ್ರಿ. ಹೆಸರ ಯಾದ್ಯಾಗ ಸಿಗತೈತಿ."

ಗುರುಲಿಂಗಮ್ಮ ಕಾರ್ಡು ಹಿಡಿದು ನಿಂತಳು. ಬಾಯಿ ತೆರೆದಳು, ದನಿ ಹೊರಡಲಿಲ್ಲ. ಕಂಬಳಿಯ ಮೇಲೆ ಕುಳಿತಳು. ಆಕೆಗೆ ಓದಲು ತಿಳಿಯಲಿಲ್ಲವೆಂದುಕೊಂಡು ಪೀರಪ್ಪ ಪಕ್ಕದಲ್ಲಿ ಬಗ್ಗಿ, ಊರಿನ ಹೆಸರಿದ್ದ ಜಾಗವನ್ನು ಬೆರಳಿಟ್ಟು ತೋರಿಸಿದ.

"ಇನ್ನ ಮ್ಯಾಲ ಪಂಗತ್ಯಾಗ ಕುಂದ್ರಬೌದಲ್ರೀ ಅವ್ವಾ?" ಎಂದು ಕೇಳಿದ.